ಐ3 ಟೈಲಿಂಗ್ ವಿಂಡೋ ಮ್ಯಾನೇಜರ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಸ್ಕ್ರೀನ್ ನೋಡಿದ ಆಫೀಸಿನ ಗೆಳೆಯರು, ಮೇಲ್ ಬರೆದವರು, ಲಿನಕ್ಸ್ ಕಲಿಯಲು ಬಂದ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ವಿಂಡೋ ಮ್ಯಾನೇಜರ್ ಅಂದರೆ ಸ್ಕ್ರೀನ್ ಮೇಲೆ ವಿಂಡೋಗಳನ್ನು ಕೂರಿಸುವ ಪ್ರೋಗ್ರಾಮ್, ಐ3 ಅಂಥದ್ದೊಂದು. ಉತ್ತರಗಳೆಲ್ಲ ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್‌ಗಳ ಮೇಲೆ ಐ3 ಬಳಸುವವರಿಗಾಗಿ. ಫ್ರೀಬಿಎಸ್‌ಡಿಯಲ್ಲಿ ಇನ್‌ಸ್ಟಾಲ್ ಮಾಡುವ ಕಮಾಂಡ್ ಬೇರೆ, ಐ3 ಅದೇ. ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ.

## ಶುರು ಮಾಡುವ ಮುಂಚೆ

ಟೈಲಿಂಗ್ ಅಂದ್ರೆ ಏನು? ನಮ್ಮ ಮಾಮೂಲಿ ಡೆಸ್ಕ್‌ಟಾಪ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮನೆಯ ನೆಲಕ್ಕೆ ಟೈಲ್ಸ್ ಹಾಕಿದ್ದು ನೋಡಿದ್ದೀರಲ್ವಾ? ಒಂದರ ಮೇಲೊಂದು ಕೂರುವುದಿಲ್ಲ, ನೆಲದಲ್ಲಿ ಜಾಗವೂ ಖಾಲಿ ಉಳಿಯುವುದಿಲ್ಲ. ಟೈಲಿಂಗ್ ವಿಂಡೋ ಮ್ಯಾನೇಜರ್ ನಿಮ್ಮ ಸ್ಕ್ರೀನಿಗೆ ಮಾಡುವುದು ಇದನ್ನೇ. ಹೊಸ ವಿಂಡೋ ತೆರೆದರೆ, ಇದ್ದವು ಸರಿದು ಜಾಗ ಕೊಡುತ್ತವೆ. ಒಂದನ್ನು ಮುಚ್ಚಿದರೆ, ಉಳಿದವು ಆ ಜಾಗವನ್ನು ತುಂಬಿಕೊಳ್ಳುತ್ತವೆ. ಮೌಸ್ ಹಿಡಿದು ಎಳೆದಾಡುವ ಕೆಲಸ ಇರುವುದಿಲ್ಲ.

ಇದು ಹೊಸ ಯೋಚನೆಯಲ್ಲ. 1985ರ ವಿಂಡೋಸ್ 1.0ರಲ್ಲೂ ವಿಂಡೋಗಳು ಒಂದರ ಮೇಲೊಂದು ಬರುತ್ತಿರಲಿಲ್ಲ, ಪಕ್ಕಪಕ್ಕದಲ್ಲೇ ಕೂರುತ್ತಿದ್ದವು. ಯುನಿಕ್ಸ್ ಕಡೆ ಇಂಥ ಟೈಲಿಂಗ್ ಪ್ರೋಗ್ರಾಮ್‌ಗಳಾದ ಡಿಡಬ್ಲ್ಯುಎಂ 2006ರಲ್ಲಿ, ಎಕ್ಸ್‌ಮೊನಾಡ್ 2007ರಲ್ಲಿ ಬಂದವು. ಮೈಕೆಲ್ ಸ್ಟಾಪೆಲ್‌ಬರ್ಗ್ 2009ರಲ್ಲಿ ಐ3 ಶುರು ಮಾಡಿದರು.

ಇಷ್ಟೊಂದು ಇದಾವಲ್ಲ, ಯಾವುದನ್ನ ಹಾಕ್ಕೊಳ್ಳಲಿ?

ಮೊದಲ ಸಲವಾದರೆ ಐ3. ಕಾರಣ ಸರಳ. ಡಿಡಬ್ಲ್ಯುಎಂನಲ್ಲಿ ಒಂದು ಕೀ ಬದಲಿಸಬೇಕಾದರೂ ಸಿ ಭಾಷೆಯ ಫೈಲ್ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಎಕ್ಸ್‌ಮೊನಾಡ್‌ಗೆ ಹ್ಯಾಸ್ಕೆಲ್ ಭಾಷೆ, ಆಸಮ್ ಅನ್ನುವ ಇನ್ನೊಂದಕ್ಕೆ ಲುವಾ ಭಾಷೆ ಬರಬೇಕು. ಐ3ಗೆ ಬೇಕಾಗಿರುವುದು ಒಂದು ಮಾಮೂಲಿ ಟೆಕ್ಸ್ಟ್ ಫೈಲ್, ಸಾಲಿಗೊಂದು ವಿಷಯ. ಅದರ ಯೂಸರ್ ಗೈಡ್ ಕೂಡ ತುಂಬಾ ಚೆನ್ನಾಗಿದೆ. ನಾನು ಓದಿದ ಸಾಫ್ಟ್‌ವೇರ್ ಕೈಪಿಡಿಗಳಲ್ಲಿ ಅದಕ್ಕೆ ಮೇಲಿನ ಸ್ಥಾನ ಕೊಡುತ್ತೇನೆ.

ಇದನ್ನ ಹಾಕಿದ್ರೆ ಈಗಿರೋ ಗ್ನೋಮ್ ಹೋಗ್ಬಿಡುತ್ತಾ?

ಗ್ನೋಮ್, ಅಂದರೆ ನಿಮ್ಮ ಮಾಮೂಲಿ ಡೆಸ್ಕ್‌ಟಾಪ್, ಹೋಗುವುದಿಲ್ಲ. ಟರ್ಮಿನಲ್‌ನಲ್ಲಿ ‘ಸುಡೋ ಆಪ್ಟ್ ಇನ್‌ಸ್ಟಾಲ್ ಐ3’ ಕೊಡಿ, ಲಾಗೌಟ್ ಆಗಿ. ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರು ಒತ್ತಿದ ಮೇಲೆ ಮೂಲೆಯಲ್ಲಿ ಹಲ್ಲುಚಕ್ರದ ಗುರುತು ಕಾಣುತ್ತದೆ. ಅಲ್ಲಿ ಐ3 ಆರಿಸಿ. ಬೇಡ ಅನಿಸಿದ ದಿನ ಅಲ್ಲೇ ಗ್ನೋಮ್ ಆರಿಸಿದರಾಯಿತು. ಮೊದಲ ತಿಂಗಳು ಎರಡೂ ಇರಲಿ. ಅರ್ಜೆಂಟ್ ಕೆಲಸದ ದಿನ ಹಳೇ ಡೆಸ್ಕ್‌ಟಾಪ್‌ಗೆ ಹೋಗಿ ಮುಗಿಸಿ, ಅದರಲ್ಲಿ ತಪ್ಪೇನಿಲ್ಲ.

ಲಾಗಿನ್ ಆದ್ಮೇಲೆ ಬರೀ ಕಪ್ಪು ಸ್ಕ್ರೀನ್, ಕೆಳಗೊಂದು ಪಟ್ಟಿ. ಕೆಟ್ಟೋಯ್ತಾ?

ಕೆಟ್ಟಿಲ್ಲ, ಐ3 ಇರುವುದೇ ಹಾಗೆ. ಮೊದಲ ಸಲ ಅದು ಎರಡು ಪ್ರಶ್ನೆ ಕೇಳುತ್ತದೆ: ಕಾನ್ಫಿಗ್ ಫೈಲ್ (ಐ3ಯ ಸೆಟ್ಟಿಂಗ್‌ಗಳಿರುವ ಫೈಲ್) ಬರೆಯಲಾ, ಮತ್ತು ಮಾಡ್ ಕೀ (ಐ3ಯ ಶಾರ್ಟ್‌ಕಟ್‌ಗಳ ಜೊತೆ ಒತ್ತಿ ಹಿಡಿಯುವ ಕೀ) ಯಾವುದಾಗಬೇಕು. ಮೊದಲನೆಯದಕ್ಕೆ ಹೌದು ಅನ್ನಿ. ಎರಡನೆಯದಕ್ಕೆ ವಿಂಡೋಸ್ ಗುರುತಿನ ಕೀ ಆರಿಸಿ. ಆಲ್ಟ್ ಆರಿಸಿದರೆ ಬೇರೆ ಪ್ರೋಗ್ರಾಮ್‌ಗಳ ಶಾರ್ಟ್‌ಕಟ್ ಜೊತೆ ದಿನಾ ಜಗಳ.

ಮೊದಲ ದಿನಕ್ಕೆ ಇಷ್ಟು ಸಾಕು. ಮಾಡ್ + ಎಂಟರ್ ಟರ್ಮಿನಲ್ ತೆರೆಯುತ್ತದೆ. ಮಾಡ್ + ಡಿ ಒತ್ತಿದರೆ ಮೇಲೆ ಪ್ರೋಗ್ರಾಮ್ ಹುಡುಕುವ ಡಿಮೆನು ಬರುತ್ತದೆ, ಪ್ರೋಗ್ರಾಮ್ ಹೆಸರಿನ ಮೊದಲ ನಾಲ್ಕು ಅಕ್ಷರ ಟೈಪ್ ಮಾಡಿ ಎಂಟರ್ ಕೊಡಿ. ಮಾಡ್ + ಶಿಫ್ಟ್ + ಕ್ಯೂ ವಿಂಡೋ ಮುಚ್ಚುತ್ತದೆ. ಮಾಡ್ + ಬಾಣದ ಕೀ ಒಂದು ವಿಂಡೋದಿಂದ ಇನ್ನೊಂದಕ್ಕೆ ಕರೆದೊಯ್ಯುತ್ತದೆ, ಜೊತೆಗೆ ಶಿಫ್ಟ್ ಒತ್ತಿದರೆ ವಿಂಡೋವೇ ಸರಿಯುತ್ತದೆ. ಮಾಡ್ + ಶಿಫ್ಟ್ + ಇ ಹೊರಗೆ ಬರಲು. ಇವನ್ನು ಒಂದು ಚೀಟಿಯಲ್ಲಿ ಬರೆದು ಸ್ಕ್ರೀನ್ ಪಕ್ಕ ಅಂಟಿಸಿ. ನಾನು ಹೇಳಿಕೊಟ್ಟವರಲ್ಲಿ ಚೀಟಿ ಅಂಟಿಸಿದವರು ಬೇಗ ಕಲಿತರು.

ಹಳೇ ಲ್ಯಾಪ್‌ಟಾಪ್ ಸ್ಪೀಡ್ ಆಗುತ್ತಾ?

ಸ್ವಲ್ಪ. ಐ3 ತುಂಬಾ ಕಮ್ಮಿ ಮೆಮೊರಿ ತಗೊಳ್ಳುತ್ತದೆ. ಆದರೆ ನಿಮ್ಮ ಬ್ರೌಸರ್ ಮೊದಲು ತಿನ್ನುತ್ತಿದ್ದಷ್ಟೇ ತಿನ್ನುತ್ತದೆ. 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ, 16 ಜಿಬಿ ಇದ್ದರೆ ಗೊತ್ತಾಗುವುದಿಲ್ಲ. ಸ್ಪೀಡಿಗಾಗಿ ಅಷ್ಟೇ ಬರುವುದಾದರೆ ನಿರಾಸೆಯಾಗಬಹುದು.

## ದಿನಾ ಬಳಸುವಾಗ

ಮೂರನೇ ವಿಂಡೋ ಕೆಳಗೆ ಬರಬೇಕಿತ್ತು, ಪಕ್ಕಕ್ಕೆ ಹೋಗಿ ಕೂತಿದೆ. ಯಾಕೆ?

ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಇದು ಅರ್ಥವಾದರೆ ಐ3 ಅರ್ಥವಾದಂತೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಡಿಡಬ್ಲ್ಯುಎಂ, ಎಕ್ಸ್‌ಮೊನಾಡ್ ತಾವೇ ಜಾಗ ಹಂಚುತ್ತವೆ: ಎಡಕ್ಕೆ ಒಂದು ದೊಡ್ಡದು, ಬಲಕ್ಕೆ ಉಳಿದವು ಸಾಲಾಗಿ. ಐ3 ಹಾಗೆ ಮಾಡುವುದಿಲ್ಲ. ಎಲ್ಲಿ ಕೂರಿಸಬೇಕು ಅಂತ ನೀವೇ ಹೇಳಬೇಕು. ಹೇಳದಿದ್ದರೆ ಇರುವ ಸಾಲಿನಲ್ಲೇ ಪಕ್ಕಕ್ಕೆ ಸೇರಿಸುತ್ತದೆ. ಕೆಳಗೆ ಬೇಕಾದರೆ, ಯಾವ ವಿಂಡೋದ ಕೆಳಗೆ ಬೇಕೋ ಅಲ್ಲಿಗೆ ಹೋಗಿ, ಮಾಡ್ + ವಿ ಒತ್ತಿ, ಆಮೇಲೆ ಹೊಸದನ್ನು ತೆರೆಯಿರಿ. ಪಕ್ಕಕ್ಕೆ ಬೇಕಾದರೆ ಮಾಡ್ + ಎಚ್.

ಒಳಗೆ ಏನು ನಡೆಯುತ್ತದೆ ಅಂದರೆ, ಐ3 ಎಲ್ಲವನ್ನೂ ಒಂದು ಮರದ ಹಾಗೆ ಇಟ್ಟುಕೊಂಡಿರುತ್ತದೆ. 2011ರ 4.0 ಆವೃತ್ತಿಯಿಂದ ಹೀಗಿದೆ. ಕೊಂಬೆಗಳೆಂದರೆ ಡಬ್ಬಿಗಳು, ಎಲೆಗಳೆಂದರೆ ವಿಂಡೋಗಳು. ಮಾಡ್ + ವಿ ಒತ್ತಿದಾಗ ನೀವಿರುವ ವಿಂಡೋದ ಸುತ್ತ ಒಂದು ಹೊಸ ಡಬ್ಬಿ ಹುಟ್ಟುತ್ತದೆ. ಮುಂದೆ ತೆರೆಯುವುದು ಆ ಡಬ್ಬಿಯೊಳಗೆ ಕೆಳಗೆ ಕೂರುತ್ತದೆ. ಅಡುಗೆಮನೆಯ ಮಸಾಲೆ ಡಬ್ಬಿ ನೆನಪಿಸಿಕೊಳ್ಳಿ: ಒಂದು ದೊಡ್ಡ ಡಬ್ಬಿ, ಒಳಗೆ ಸಣ್ಣ ಬಟ್ಟಲುಗಳು. ಸಣ್ಣ ಬಟ್ಟಲಿನೊಳಗೂ ಇನ್ನೊಂದು ಬಟ್ಟಲು ಇಡಬಹುದು ಅನ್ನುವುದಷ್ಟೇ ಇಲ್ಲಿ ಬೇರೆ.

ಹೊಸಬರು ಎಡವುವುದು ಇಲ್ಲೇ. ಮಾಡ್ + ವಿ, ಮಾಡ್ + ಎಚ್ ಸುಮ್ನೆ ನಾಲ್ಕು ಸಲ ಒತ್ತಿ ನೋಡುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಮುಂದಿನ ವಿಂಡೋ ಎಲ್ಲಿ ಕೂರುತ್ತದೆ ಅನ್ನುವುದು ಬದಲಾಗಿರುತ್ತದೆ. ಗಮನಿಸಿ ನೋಡಿದರೆ ವಿಂಡೋದ ಒಂದು ಅಂಚು ಬೇರೆ ಬಣ್ಣದಲ್ಲಿರುತ್ತದೆ. ಕೆಳಗಿನ ಅಂಚಾದರೆ ಹೊಸದು ಕೆಳಗೆ, ಬಲದ ಅಂಚಾದರೆ ಬಲಕ್ಕೆ. ಆ ಸಣ್ಣ ಗೆರೆಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕೂರಿಸಿಯಾದ ಮೇಲೆ ಮನಸ್ಸು ಬದಲಾದರೆ ಮಾಡ್ + ಇ ಒತ್ತಿ, ಅಡ್ಡಸಾಲು ಉದ್ದಸಾಲಾಗುತ್ತದೆ. ಇಡೀ ಡಬ್ಬಿಯನ್ನೇ ಸರಿಸಬೇಕಾದರೆ ಮಾಡ್ + ಎ ಒತ್ತಿ, ಆಯ್ಕೆ ಒಂದು ಮಟ್ಟ ಮೇಲೆ ಹೋಗುತ್ತದೆ.

ನನ್ನದು 14 ಇಂಚಿನ ಸ್ಕ್ರೀನ್. ನಾಲ್ಕು ವಿಂಡೋ ಇಟ್ರೆ ಏನೂ ಓದೋಕಾಗಲ್ಲ.

ನಾಲ್ಕು ಇಡಬೇಡಿ. ಒಂದು ವರ್ಕ್‌ಸ್ಪೇಸ್‌ಗೆ, ಅಂದರೆ ಕೀ ಒತ್ತಿ ಬದಲಿಸಬಹುದಾದ ಒಂದು ಪರದೆಗೆ, ಒಂದೋ ಎರಡೋ ಸಾಕು. ಮಾಡ್ + 1ರಿಂದ ಮಾಡ್ + 0ವರೆಗೆ ಹತ್ತು ವರ್ಕ್‌ಸ್ಪೇಸ್‌ಗಳಿವೆ. ನನಗೆ 1ರಲ್ಲಿ ಯಾವಾಗಲೂ ಎಡಿಟರ್, 2ರಲ್ಲಿ ಬ್ರೌಸರ್, 3ರಲ್ಲಿ ಟರ್ಮಿನಲ್, 9ರಲ್ಲಿ ಮೇಲ್. ಯಾವುದು ಎಲ್ಲಿದೆ ಅಂತ ಹುಡುಕುವ ಕೆಲಸವೇ ಇಲ್ಲ, ಬೆರಳಿಗೆ ಗೊತ್ತಿರುತ್ತದೆ. ನನ್ನ ಮಟ್ಟಿಗೆ ಟೈಲಿಂಗ್‌ನ ನಿಜವಾದ ಲಾಭ ಇದೇ. ಸ್ಕ್ರೀನ್ ತುಂಬಾ ವಿಂಡೋ ಜೋಡಿಸಿದ ಫೋಟೋಗಳು ನೋಡಲು ಚೆಂದ, ಆದರೆ ಹಾಗೆ ಯಾರೂ ದಿನವಿಡೀ ಕೆಲಸ ಮಾಡಲಾರರು.

ಒಂದೇ ಕಡೆ ಹಲವು ಬೇಕೇ ಬೇಕು ಅಂದರೆ ಮಾಡ್ + ಡಬ್ಲ್ಯು ಒತ್ತಿ. ಬ್ರೌಸರ್ ಟ್ಯಾಬ್‌ಗಳ ಹಾಗೆ ಒಂದರ ಹಿಂದೊಂದು ನಿಲ್ಲುತ್ತವೆ. ಮಾಡ್ + ಎಫ್ ಒಂದನ್ನೇ ಪೂರ್ತಿ ಸ್ಕ್ರೀನ್ ಮಾಡುತ್ತದೆ.

ಕ್ಯಾಲ್ಕುಲೇಟರ್ ತೆರೆದ್ರೆ ಅರ್ಧ ಸ್ಕ್ರೀನ್ ತಿನ್ನುತ್ತೆ. ಚಿಕ್ಕದಾಗಿ ತೇಲೋ ಹಾಗೆ ಮಾಡಕ್ಕಾಗಲ್ವಾ?

ಆಗುತ್ತದೆ. ಮಾಡ್ + ಶಿಫ್ಟ್ + ಸ್ಪೇಸ್ ಒತ್ತಿದರೆ ವಿಂಡೋ ತೇಲುತ್ತದೆ. ಪ್ರತಿ ಸಲವೂ ಹಾಗೇ ಬರಬೇಕಾದರೆ ಕಾನ್ಫಿಗ್‌ನಲ್ಲಿ ‘ಫಾರ್_ವಿಂಡೋ’ ಸಾಲು ಬರೆಯಬೇಕು. ಅದಕ್ಕೆ ವಿಂಡೋದ ಕ್ಲಾಸ್ ಹೆಸರು ಬೇಕು. ಟರ್ಮಿನಲ್‌ನಲ್ಲಿ ‘ಎಕ್ಸ್‌ಪ್ರಾಪ್’ ಕೊಟ್ಟು ಆ ವಿಂಡೋ ಮೇಲೆ ಕ್ಲಿಕ್ ಮಾಡಿ. ‘ಡಬ್ಲ್ಯುಎಂ_ಕ್ಲಾಸ್’ ಎದುರು ಎರಡು ಹೆಸರು ಕಾಣುತ್ತವೆ. ಎರಡನೆಯದು ಕ್ಲಾಸ್.

ಇನ್ನೊಂದು ಉಪಾಯ ಸ್ಕ್ರ್ಯಾಚ್‌ಪ್ಯಾಡ್. ನಿಮ್ಮ ಕಾನ್ಫಿಗ್‌ನಲ್ಲಿ ಅದರ ಕೀಗಳಿಲ್ಲದಿದ್ದರೆ ಮೊದಲು ಜೋಡಿಸಿಕೊಳ್ಳಿ. ಮಾಡ್ + ಶಿಫ್ಟ್ + ಮೈನಸ್ ವಿಂಡೋವನ್ನು ಕಣ್ಮರೆ ಮಾಡುತ್ತದೆ. ಮಾಡ್ + ಮೈನಸ್ ಒತ್ತಿದಾಗ ಯಾವ ವರ್ಕ್‌ಸ್ಪೇಸ್‌ನಲ್ಲಿದ್ದರೂ ಕಣ್ಣ ಮುಂದೆ ಬರುತ್ತದೆ. ನಿಘಂಟು, ಟಿಪ್ಪಣಿ ಇಡಲು ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ನೆಟ್‌ನಲ್ಲಿ ಸಿಕ್ಕ ಚೆಂದದ ಕಾನ್ಫಿಗ್ ತಂದು ಹಾಕ್ಕೊಳ್ಳಲಾ?

ದಯವಿಟ್ಟು ಬೇಡ. ಶುರುವಿನಲ್ಲಿ ನಾನೂ ಯಾರದೋ ನಾನೂರು ಸಾಲಿನ ಕಾನ್ಫಿಗ್ ತಂದು ಹಾಕಿದ್ದೆ. ಎರಡು ವಾರ ನೋಡಲು ಚೆನ್ನಾಗಿತ್ತು. ಆಮೇಲೆ ಒಂದು ದಿನ ವಾಲ್ಯೂಮ್ ಕೀ ಕೆಲಸ ನಿಲ್ಲಿಸಿತು. ಅದು ಕರೆಯುತ್ತಿದ್ದ ಸ್ಕ್ರಿಪ್ಟ್ ಇನ್ನೊಂದು ಸ್ಕ್ರಿಪ್ಟನ್ನು ಕರೆಯುತ್ತಿತ್ತು, ಅದು ನನ್ನ ಬಳಿ ಇಲ್ಲದ ಪ್ರೋಗ್ರಾಮ್ ಹುಡುಕುತ್ತಿತ್ತು. ಒಂದು ಸಂಜೆ ಪೂರ್ತಿ ಹೋಯಿತು. ಎಲ್ಲ ಅಳಿಸಿ ಐ3 ತಾನೇ ಬರೆದುಕೊಡುವ ಕಾನ್ಫಿಗ್‌ಗೆ ಮರಳಿದೆ.

ನನ್ನ ಸಲಹೆ: ಎರಡು ವಾರ ಏನೂ ಬದಲಿಸಬೇಡಿ. ಒಂದು ತೊಂದರೆ ಮೂರು ಸಲ ಕಾಡಿದರೆ ಅದಕ್ಕೊಂದು ಸಾಲು ಬರೆಯಿರಿ. ಮೇಲೆ ಯಾಕೆ ಬರೆದೆ ಅಂತ ಹ್ಯಾಶ್ ಹಾಕಿ ಕನ್ನಡದಲ್ಲೇ ಒಂದು ಟಿಪ್ಪಣಿ ಇಡಿ. ಹೀಗೆ ಬೆಳೆದ ಕಾನ್ಫಿಗ್‌ನಲ್ಲಿ ನಿಮಗೆ ಗೊತ್ತಿಲ್ಲದ ಸಾಲೇ ಇರುವುದಿಲ್ಲ. ಬೇರೆಯವರದ್ದು ಓದಿ, ಕಲಿಯಿರಿ. ಪೂರ್ತಿ ಎತ್ತಿ ಹಾಕಿಕೊಳ್ಳಬೇಡಿ.

ಕಾನ್ಫಿಗ್ ತಿದ್ದಿದೆ, ಸ್ಕ್ರೀನ್ ಮೇಲೆ ಕೆಂಪು ಪಟ್ಟಿ ಬಂತು. ಈಗೇನು ಮಾಡ್ಲಿ?

ಆ ಪಟ್ಟಿಯಲ್ಲಿ ತಪ್ಪು ತೋರಿಸುವ ಬಟನ್ ಇದೆ, ಒತ್ತಿ. ಯಾವ ಸಾಲು ಅಂತ ಹೇಳುತ್ತದೆ. ಒಂದೇ ಕೀಯನ್ನು ಎರಡು ಕಡೆ ಬರೆದಿರುವುದೇ ಹೆಚ್ಚಿನ ಸಲ ಕಾರಣ. ಫೈಲ್ ಇರುವುದು ಹೋಮ್ ಫೋಲ್ಡರಿನ ‘.ಕಾನ್ಫಿಗ್’ ಒಳಗೆ, ‘ಐ3’ ಫೋಲ್ಡರಿನಲ್ಲಿ. ಸರಿಪಡಿಸಿ ಮಾಡ್ + ಶಿಫ್ಟ್ + ಆರ್ ಒತ್ತಿ. ತೆರೆದ ವಿಂಡೋಗಳು ಹಾಗೇ ಉಳಿಯುತ್ತವೆ. ಮುಂಚೆಯೇ ಪರೀಕ್ಷೆ ಮಾಡಲು ಟರ್ಮಿನಲ್‌ನಲ್ಲಿ ‘ಐ3’ ಅಂತ ಬರೆದು, ಜಾಗ ಬಿಟ್ಟು, ಮೈನಸ್ ಮತ್ತು ದೊಡ್ಡ ‘ಸಿ’ ಕೊಡಿ.

## ಲ್ಯಾಪ್‌ಟಾಪ್‌ನವರ ಪ್ರಶ್ನೆಗಳು

ವೈಫೈ ಗುರುತು ಇಲ್ಲ, ಬ್ರೈಟ್‌ನೆಸ್ ಕೀ ಸತ್ತಿದೆ, ನೋಟಿಫಿಕೇಶನ್ ಬರ್ತಿಲ್ಲ. ಎಲ್ಲಾ ಎಲ್ಲಿ ಹೋಯ್ತು?

ಗ್ನೋಮ್ ಅಂದರೆ ಸಾಮಾನು ಸಮೇತ ಬಾಡಿಗೆಗೆ ಸಿಗುವ ಮನೆ. ಐ3 ಅಂದರೆ ಗೋಡೆ ಮತ್ತು ಬಾಗಿಲು. ಫ್ಯಾನು, ಬಲ್ಬು ನೀವೇ ತರಬೇಕು.

ವೈಫೈಗೆ ‘ಎನ್‌ಎಂ-ಆಪ್ಲೆಟ್’. ಐ3 ಬರೆದುಕೊಡುವ ಕಾನ್ಫಿಗ್‌ನಲ್ಲಿ ಅದರ ಸಾಲು ಇದೆ, ಪ್ರೋಗ್ರಾಮ್ ಇನ್‌ಸ್ಟಾಲ್ ಆಗಿದ್ದರೆ ಸಾಕು. ವಾಲ್ಯೂಮ್ ಕೀಗಳಿಗೂ ‘ಪ್ಯಾಕ್ಟ್ಲ್’ ಬಳಸುವ ಸಾಲುಗಳಿವೆ. ಬ್ರೈಟ್‌ನೆಸ್‌ಗೆ ‘ಬ್ರೈಟ್‌ನೆಸ್‌ಸಿಟಿಎಲ್’ ಹಾಕಿ ಎರಡು ಕೀ ಜೋಡಿಸಿ. ನೋಟಿಫಿಕೇಶನ್‌ಗೆ ‘ಡನ್‌ಸ್ಟ್’. ವಾಲ್‌ಪೇಪರ್‌ಗೆ ‘ಫೆಹ್’. ವಿಡಿಯೋ ನೋಡುವಾಗ ಚಿತ್ರ ಅಡ್ಡಕ್ಕೆ ಸೀಳಿದಂತೆ ಕಂಡರೆ ‘ಪಿಕಾಮ್’.

ಎಲ್ಲರೂ ಮರೆಯುವುದು ಪೋಲ್‌ಕಿಟ್ ಏಜೆಂಟ್. ಡಿಸ್ಕ್ ಪಾರ್ಟಿಷನ್ ಮಾಡುವಂಥ ಪ್ರೋಗ್ರಾಮ್ ಪಾಸ್‌ವರ್ಡ್ ಕೇಳಬೇಕಾದಾಗ ಪೆಟ್ಟಿಗೆ ತೋರಿಸುವುದು ಅದೇ. ಅದಿಲ್ಲದಿದ್ದರೆ ಪ್ರೋಗ್ರಾಮ್ ತೆರೆಯುವುದೇ ಇಲ್ಲ, ಯಾಕೆ ಅಂತ ಹೇಳುವುದೂ ಇಲ್ಲ. ‘ಎಲ್‌ಎಕ್ಸ್‌ಪೋಲ್‌ಕಿಟ್’ ಹಾಕಿ, ಲಾಗಿನ್ ಆದಾಗ ಶುರುವಾಗುವಂತೆ ‘ಎಕ್ಸೆಕ್’ ಸಾಲು ಬರೆಯಿರಿ.

ಲಾಕ್ ಮಾಡೋದು ಹೇಗೆ? ಮಾಡ್ + ಎಲ್ ಒತ್ತಿದ್ರೆ ಬೇರೇನೋ ಆಗುತ್ತೆ.

ಐ3ಯಲ್ಲಿ ಮಾಡ್ + ಎಲ್ ಮೇಲಿನ ವಿಂಡೋಗೆ ಹೋಗುವ ಕೀ. ಲಾಕ್‌ಗೆ ಕೀ ಇಟ್ಟಿಲ್ಲ. ಬರೆದುಕೊಡುವ ಕಾನ್ಫಿಗ್‌ನಲ್ಲಿ ‘ಎಕ್ಸ್‌ಎಸ್‌ಎಸ್-ಲಾಕ್’ ಸಾಲು ಇದೆ. ಲ್ಯಾಪ್‌ಟಾಪ್ ನಿದ್ದೆಗೆ ಹೋಗುವ ಮುಂಚೆ ಅದು ‘ಐ3ಲಾಕ್’ ಓಡಿಸುತ್ತದೆ. ಆದರೆ ಆ ಪ್ರೋಗ್ರಾಮ್ ಇನ್‌ಸ್ಟಾಲ್ ಆಗಿಲ್ಲದಿದ್ದರೆ ಲಾಕ್ ಆಗುವುದೇ ಇಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಇವತ್ತೇ ಮುಚ್ಚಳ ಮುಚ್ಚಿ ತೆರೆದು ಪರೀಕ್ಷೆ ಮಾಡಿ. ಕೈಯಾರೆ ಲಾಕ್ ಮಾಡಲು ಮಾಡ್ + ಎಕ್ಸ್‌ಗೆ ‘ಲಾಗಿನ್‌ಸಿಟಿಎಲ್ ಲಾಕ್-ಸೆಷನ್’ ಜೋಡಿಸಿ.

ಪ್ರೊಜೆಕ್ಟರ್ ಕೇಬಲ್ ಹಾಕಿದ್ರೆ ಏನೂ ಬರಲ್ಲ. ಎಲ್ಲರ ಮುಂದೆ ಒದ್ದಾಡಿದೆ.

ನನಗೂ ಆಗಿದೆ, ಒಂದು ಕಾಲೇಜಿನಲ್ಲಿ, ಅರವತ್ತು ಮಂದಿಯ ಎದುರು. ಹೊಸ ಸ್ಕ್ರೀನ್ ಜೋಡಿಸಿದಾಗ ಐ3 ತಾನಾಗಿ ಅದನ್ನು ಹೊತ್ತಿಸುವುದಿಲ್ಲ. ಆ ಕೆಲಸ ‘ಎಕ್ಸ್‌ರಾಂಡರ್’ನದು. ಅದರ ಕಮಾಂಡ್ ನೆನಪಿಡಲು ಕಷ್ಟವಾದರೆ ‘ಅರಾಂಡರ್’ ಹಾಕಿ. ಸ್ಕ್ರೀನ್‌ಗಳನ್ನು ಮೌಸ್‌ನಲ್ಲಿ ಜರುಗಿಸಿ, ಆ ಜೋಡಣೆಯನ್ನು ಸ್ಕ್ರಿಪ್ಟ್ ಆಗಿ ಉಳಿಸಿಕೊಳ್ಳಬಹುದು. ಒಂದು ಕೀಗೆ ‘ಎರಡರಲ್ಲೂ ಒಂದೇ ಚಿತ್ರ’, ಇನ್ನೊಂದಕ್ಕೆ ‘ಬರೀ ಲ್ಯಾಪ್‌ಟಾಪ್’ ಅಂತ ಜೋಡಿಸಿ. ಮನೆ, ಆಫೀಸು ಅಂತ ಕಾಯಂ ಜಾಗಗಳಿದ್ದರೆ ‘ಆಟೋರಾಂಡರ್’ ಸ್ಕ್ರೀನ್ ಗುರುತು ಹಿಡಿದು ತಾನೇ ಜೋಡಿಸುತ್ತದೆ.

ಅಕ್ಷರ ಎಲ್ಲಾ ಇರುವೆ ಸಾಲಿನ ಹಾಗೆ ಕಾಣುತ್ತೆ.

ಸ್ಕ್ರೀನ್ ರೆಸಲ್ಯೂಶನ್ ಜಾಸ್ತಿ ಇದೆ. ಹೋಮ್ ಫೋಲ್ಡರಿನ ‘.ಎಕ್ಸ್‌ರಿಸೋರ್ಸಸ್’ ಫೈಲಿನಲ್ಲಿ ‘ಎಕ್ಸ್‌ಎಫ್‌ಟಿ.ಡಿಪಿಐ’ ಬೆಲೆಯನ್ನು 144 ಮಾಡಿ, ಲಾಗೌಟ್ ಆಗಿ ಬನ್ನಿ. ಸಾಲದಿದ್ದರೆ 192.

## ಕನ್ನಡ ಬಳಸುವವರಿಗೆ

ಗ್ನೋಮ್‌ನಲ್ಲಿ ಕನ್ನಡ ಟೈಪ್ ಆಗ್ತಿತ್ತು. ಇಲ್ಲಿ ಸೂಪರ್ + ಸ್ಪೇಸ್ ಒತ್ತಿದ್ರೂ ಬದಲಾಗಲ್ಲ.

ಇಲ್ಲಿ ಎರಡು ವಿಷಯ ಸೇರಿಕೊಂಡಿವೆ. ಮೊದಲನೆಯದು, ಕನ್ನಡ ಟೈಪ್ ಮಾಡಿಸುವ ಐಬಸ್ ಪ್ರೋಗ್ರಾಮನ್ನು ಗ್ನೋಮ್ ತಾನೇ ಶುರು ಮಾಡುತ್ತಿತ್ತು. ಐ3 ಮಾಡುವುದಿಲ್ಲ. ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿ, ‘ಐಎಂ-ಕಾನ್ಫಿಗ್’ ಓಡಿಸಿ ಐಬಸ್ ಆರಿಸಿ, ಒಮ್ಮೆ ಲಾಗೌಟ್ ಆಗಿ ಬನ್ನಿ. ಆಮೇಲೆ ‘ಐಬಸ್-ಸೆಟಪ್’ನಲ್ಲಿ ಕನ್ನಡದ ಕೆಜಿಪಿ, ಐಟ್ರಾನ್ಸ್ ಅಥವಾ ಇನ್‌ಸ್ಕ್ರಿಪ್ಟ್ ಸೇರಿಸಿ. ನುಡಿ ತಂತ್ರಾಂಶದಲ್ಲಿ ಕೈ ಕುದುರಿದವರಿಗೆ ಕೆಜಿಪಿಯೇ ಸರಿ.

ಎರಡನೆಯದು ಕೀ ಜಗಳ. ಭಾಷೆ ಬದಲಿಸಲು ಐಬಸ್ ಕೇಳುವುದು ಸೂಪರ್ + ಸ್ಪೇಸ್. ಸೂಪರ್ ಅಂದರೆ ವಿಂಡೋಸ್ ಕೀಯೇ. ವಿಂಡೋಸ್ ಕೀಯನ್ನೇ ಮಾಡ್ ಮಾಡಿಕೊಂಡರೆ, ತೇಲುವ ವಿಂಡೋ ಮತ್ತು ಟೈಲ್ ನಡುವೆ ಹಾರಲು ಐ3 ಕೇಳುವುದೂ ಅದೇ. ಒಬ್ಬರಿಗೆ ಮಾತ್ರ ಸಿಗುತ್ತದೆ. ನಾನು ಐ3 ಸಾಲನ್ನು ತೆಗೆದು ಐಬಸ್‌ಗೆ ಬಿಟ್ಟುಕೊಟ್ಟಿದ್ದೇನೆ. ದಿನಕ್ಕೆ ನೂರು ಸಲ ಕನ್ನಡ ಇಂಗ್ಲಿಷ್ ಬದಲಿಸುವವರಿಗೆ ಅದೇ ಹೆಚ್ಚು ಬೇಕಾದ ಕೀ ಅಲ್ವಾ?

ನಾನು ಐಬಸ್ ಬಳಸಲ್ಲ, ಕೀಬೋರ್ಡ್ ಲೇಔಟ್ ಅನ್ನೇ ಕನ್ನಡ ಮಾಡ್ಕೊಂಡೆ. ಈಗ ಮಾಡ್ + ಡಿ ಕೆಲಸ ಮಾಡ್ತಿಲ್ಲ.

ಕಾನ್ಫಿಗ್‌ನಲ್ಲಿ ಕೀ ಜೋಡಿಸುವ ‘ಬೈಂಡ್‌ಸಿಮ್’ ಸಾಲುಗಳು ಅಕ್ಷರವನ್ನು ಹುಡುಕುತ್ತವೆ. ಬರೀ ಕನ್ನಡ ಲೇಔಟ್ ಇಟ್ಟರೆ ಕೀಬೋರ್ಡಿನಲ್ಲಿ ಇಂಗ್ಲಿಷ್ ‘ಡಿ’ ಅನ್ನುವುದೇ ಇಲ್ಲ. ಲೇಔಟ್ ಬದಲಿಸುವ ‘ಸೆಟ್‌ಎಕ್ಸ್‌ಕೆಬಿಮ್ಯಾಪ್’ ಕಮಾಂಡ್ ಕೊಡುವಾಗ ಇಂಗ್ಲಿಷನ್ನು ಮೊದಲು, ಕನ್ನಡವನ್ನು ಎರಡನೆಯದಾಗಿ ಇಡಿ. ಅಥವಾ ಆ ಸಾಲುಗಳಲ್ಲಿ ‘ಬೈಂಡ್‌ಕೋಡ್’ ಬಳಸಿ. ಅದು ಕೀಯ ನಂಬರನ್ನು ನೋಡುತ್ತದೆ, ಅಕ್ಷರವನ್ನಲ್ಲ. ‘ಡಿ’ ಕೀಯ ನಂಬರ್ 40, ಎಂಟರ್‌ದು 36. ಉಳಿದವನ್ನು ‘ಎಕ್ಸ್‌ಇವಿ’ ಓಡಿಸಿ ಕೀ ಒತ್ತಿ ತಿಳಿದುಕೊಳ್ಳಿ.

ಕೆಲವು ಕಡೆ ಕನ್ನಡ ಸರಿ ಇದೆ, ಕೆಲವು ಕಡೆ ಒತ್ತಕ್ಷರ ಒಡೆದು ಬರುತ್ತೆ. ಯಾಕೆ?

ಕನ್ನಡ ಸರಿಯಾಗಿ ಕಾಣಬೇಕಾದರೆ ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಬರೆಯುವ ವ್ಯವಸ್ಥೆ ಬೇಕು. ಪ್ಯಾಂಗೋ ಅನ್ನುವ ಲೈಬ್ರರಿ ಬಳಸುವ ಪ್ರೋಗ್ರಾಮ್‌ಗಳು ಅದನ್ನು ಮಾಡುತ್ತವೆ. ಐ3 ಕಾನ್ಫಿಗ್‌ನ ಫಾಂಟ್ ಸಾಲು ‘ಪ್ಯಾಂಗೋ’ ಅಂತ ಶುರುವಾದರೆ ಟೈಟಲ್ ಮತ್ತು ಕೆಳಗಿನ ಪಟ್ಟಿಯಲ್ಲಿ ಕನ್ನಡ ಚೆನ್ನಾಗಿ ಬರುತ್ತದೆ. ವರ್ಕ್‌ಸ್ಪೇಸ್‌ಗಳಿಗೆ ‘ಬರಹ’, ‘ಜಾಲ’, ‘ಅಂಚೆ’ ಅಂತ ಹೆಸರಿಡಬಹುದು, ನಾನು ಇಟ್ಟಿದ್ದೇನೆ. ಫಾಂಟ್ ಇಲ್ಲದಿದ್ದರೆ ‘ಫಾಂಟ್ಸ್-ಗುಬ್ಬಿ’ ಪ್ಯಾಕೇಜ್ ಹಾಕಿ. ನವಿಲು ಫಾಂಟ್ ಬೇಕಾದರೆ ‘ಫಾಂಟ್ಸ್-ನವಿಲು’ ಅಂತ ಬೇರೆ ಪ್ಯಾಕೇಜ್ ಇದೆ.

ಡಿಮೆನು ಪ್ಯಾಂಗೋ ಬಳಸುವುದಿಲ್ಲ, ಅಲ್ಲಿ ಒತ್ತು ಒಡೆಯುತ್ತದೆ. ಬದಲಿಗೆ ‘ರೋಫಿ’ ಹಾಕಿ, ಅದು ಪ್ಯಾಂಗೋ ಬಳಸುತ್ತದೆ. ಟರ್ಮಿನಲ್ ವಿಷಯ ಕಷ್ಟ. ಅವು ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಅಂತ ಲೆಕ್ಕ ಹಾಕುತ್ತವೆ, ನಮ್ಮ ಲಿಪಿ ಆ ಚೌಕದಲ್ಲಿ ಕೂರುವುದಿಲ್ಲ. ಕನ್ನಡ ಬರವಣಿಗೆಗೆ ಟರ್ಮಿನಲ್ ಹೊರಗಿನ ಎಡಿಟರನ್ನೇ ಬಳಸಿ.

## ಪಳಗಿದ ಮೇಲೆ

ವಿಂಡೋಗಳ ನಡುವೆ ಜಾಗ ಬಿಡೋಕೆ ಐ3-ಗ್ಯಾಪ್ಸ್ ಬೇರೆ ಹಾಕಬೇಕಾ?

ಈಗ ಬೇಡ. ಅದು ಮೊದಲು ಬೇರೆ ಕವಲಾಗಿತ್ತು. 2023ರ 4.22 ಆವೃತ್ತಿಯಲ್ಲಿ ಐ3 ಒಳಗೇ ಸೇರಿತು. ‘ಗ್ಯಾಪ್ಸ್ ಇನ್ನರ್ 8’ ಅಂತ ಒಂದು ಸಾಲು ಸಾಕು.

ಮನೆ ಡೆಸ್ಕ್‌ಟಾಪ್, ಆಫೀಸ್ ಲ್ಯಾಪ್‌ಟಾಪ್ ಎರಡಕ್ಕೂ ಒಂದೇ ಕಾನ್ಫಿಗ್ ಇಟ್ಕೊಳ್ಳೋದು ಹೇಗೆ?

ಐ3 4.20ರಿಂದ ‘ಇನ್‌ಕ್ಲೂಡ್’ ಇದೆ. ಎರಡಕ್ಕೂ ಒಂದೇ ಆದ ಸಾಲುಗಳನ್ನು ಮುಖ್ಯ ಫೈಲಿನಲ್ಲಿಡಿ. ಬ್ರೈಟ್‌ನೆಸ್ ಕೀ, ಸ್ಕ್ರೀನ್ ಹೆಸರು ಇಂಥವನ್ನು ಯಂತ್ರಕ್ಕೊಂದು ಸಣ್ಣ ಫೈಲಿನಲ್ಲಿ ಬರೆದು ಅಲ್ಲಿಂದ ಕರೆಯಿರಿ. ಎಲ್ಲವನ್ನೂ ಫೈಲ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಇಟ್ಟರೆ, ಕಳೆದ ವಾರ ಏನು ಕೆಡಿಸಿದೆ ಅಂತ ಕೂಡಲೇ ಗೊತ್ತಾಗುತ್ತದೆ.

ಬೆಳಿಗ್ಗೆ ಲಾಗಿನ್ ಆದ ಕೂಡಲೇ ಎಲ್ಲಾ ವಿಂಡೋ ಅದರದರ ಜಾಗದಲ್ಲಿ ಬರಬೇಕು. ಸಾಧ್ಯನಾ?

ಮೂರರಲ್ಲಿ ಎರಡು ಪಾಲು ಸುಲಭ. ‘ಅಸೈನ್’ ಸಾಲಿನಲ್ಲಿ ಕ್ಲಾಸ್ ಹೆಸರು ಮತ್ತು ವರ್ಕ್‌ಸ್ಪೇಸ್ ನಂಬರ್ ಕೊಟ್ಟರೆ, ಬ್ರೌಸರ್ ಎಲ್ಲಿಂದ ತೆರೆದರೂ 2ಕ್ಕೇ ಹೋಗುತ್ತದೆ. ‘ಎಕ್ಸೆಕ್’ ಲಾಗಿನ್ ಆದಾಗ ಒಂದೇ ಸಲ ಓಡುತ್ತದೆ. ‘ಎಕ್ಸೆಕ್_ಆಲ್ವೇಸ್’ ಮಾತ್ರ ಪ್ರತಿ ರೀಸ್ಟಾರ್ಟ್‌ಗೂ ಓಡುತ್ತದೆ. ಅದರಲ್ಲಿ ಬ್ರೌಸರ್ ಬರೆದರೆ ಕಾನ್ಫಿಗ್ ತಿದ್ದಿ ರೀಸ್ಟಾರ್ಟ್ ಮಾಡಿದಾಗಲೆಲ್ಲ ಹೊಸ ಬ್ರೌಸರ್ ವಿಂಡೋ.

ಉಳಿದ ಒಂದು ಪಾಲು, ಅಂದರೆ ವರ್ಕ್‌ಸ್ಪೇಸ್ ಒಳಗಿನ ಜೋಡಣೆ, ಕಷ್ಟ. ‘ಐ3-ಸೇವ್-ಟ್ರೀ’ ಈಗಿನ ಜೋಡಣೆಯನ್ನು ಜೇಸನ್ ಅನ್ನುವ ಮಾದರಿಯ ಟೆಕ್ಸ್ಟ್ ಆಗಿ ಬರೆದುಕೊಡುತ್ತದೆ. ಯಾವ ಖಾಲಿ ಜಾಗಕ್ಕೆ ಯಾವ ವಿಂಡೋ ಅಂತ ಅದರಲ್ಲಿ ನೀವೇ ತಿದ್ದಬೇಕು. ಆಮೇಲೆ ‘ಅಪೆಂಡ್_ಲೇಔಟ್’ನಿಂದ ತುಂಬಿಸಬೇಕು. ದಿನಾ ಒಂದೇ ಜೋಡಣೆ ಬಳಸುವವರಿಗೆ ಆ ಶ್ರಮ ಸಾರ್ಥಕ. ನನಗೆ ಬೆಳಿಗ್ಗೆ ಎರಡು ನಿಮಿಷ ಕೈಯಾರೆ ತೆರೆಯುವುದೇ ಹಿತ.

ಎಲ್ಲಾರೂ ವೇಲ್ಯಾಂಡ್ ಅಂತಿದ್ದಾರೆ. ಐ3 ಕಲಿತದ್ದು ದಂಡ ಆಗುತ್ತಾ?

ಆಗುವುದಿಲ್ಲ. ವಿಂಡೋಗಳನ್ನು ಸ್ಕ್ರೀನಿಗೆ ತರುವ ಹಳೇ ವ್ಯವಸ್ಥೆ ಎಕ್ಸ್, ಅದರ ಜಾಗಕ್ಕೆ ಬರುತ್ತಿರುವ ಹೊಸದು ವೇಲ್ಯಾಂಡ್. ಐ3 ಎಕ್ಸ್‌ಗೆ ಮಾತ್ರ, ಅದು ವೇಲ್ಯಾಂಡ್‌ಗೆ ಹೋಗುವುದಿಲ್ಲ. ಆದರೆ ವೇಲ್ಯಾಂಡ್‌ನಲ್ಲಿ ಐ3ಯ ಜಾಗ ತುಂಬಲು ಸ್ವೇ ಇದೆ. ಅದರ 1.0 ಆವೃತ್ತಿ 2019ರಲ್ಲಿ ಬಂತು. ನಿಮ್ಮ ಐ3 ಕಾನ್ಫಿಗ್ ಫೈಲನ್ನೇ ಅದು ಓದುತ್ತದೆ, ಕೀಗಳು ಅವೇ, ಮರದ ಲೆಕ್ಕವೂ ಅದೇ. ಸುತ್ತಲಿನ ಸಾಮಾನು ಮಾತ್ರ ಬದಲಾಗುತ್ತದೆ: ಎಕ್ಸ್‌ರಾಂಡರ್ ಬದಲು ಕಾನ್ಫಿಗ್‌ನಲ್ಲೇ ‘ಔಟ್‌ಪುಟ್’ ಸಾಲು, ಐ3ಲಾಕ್ ಬದಲು ಸ್ವೇಲಾಕ್, ಟಚ್‌ಪ್ಯಾಡ್‌ಗೆ ‘ಇನ್‌ಪುಟ್’ ಸಾಲು. ಪಿಕಾಮ್ ಬೇಕಾಗುವುದಿಲ್ಲ. ಎನ್‌ವಿಡಿಯಾದ ಸ್ವಂತ ಡ್ರೈವರ್ ಇದ್ದರೆ ಸ್ವೇ ಬಳಗ ಅದಕ್ಕೆ ಬೆಂಬಲ ಕೊಡುವುದಿಲ್ಲ, ಅಂಥವರು ಐ3ಯಲ್ಲೇ ಇರುವುದು ಒಳ್ಳೆಯದು. ಕನ್ನಡ ಟೈಪಿಂಗ್‌ಗೆ ಸ್ವೇಯಲ್ಲಿ ಐಬಸ್‌ಗಿಂತ, ಅದೇ ಕೆಲಸ ಮಾಡುವ ಎಫ್‌ಸಿಐಟಿಎಕ್ಸ್5 ಮೊದಲು ಪ್ರಯತ್ನಿಸಿ. ಅದಕ್ಕೂ ಎಂ17ಎನ್ ಪ್ಯಾಕೇಜ್ ಇದೆ, ಕೆಜಿಪಿ ಅಲ್ಲೂ ಸಿಗುತ್ತದೆ.